ಹಿತವಾದುದೆಲ್ಲ ನೈವೇದ್ಯವಾದೀತೆ?

ಕಳೆದ ಚಾತುರ್ಮಾಸ್ಯದ ಶಾಕವ್ರತದ ದಿನಗಳಲ್ಲಿ ಒಂದು ಸಂಜೆ, ಪ್ರವಚನವು ಮುಗಿದು ಮಂಗಳಾರತಿಯಾದ ಮೇಲೆ, ವೃದ್ಧ ಮಾತೆಯೊಬ್ಬರು ತೀರ್ಥಪ್ರಸಾದವನ್ನು ಸ್ವೀಕರಿಸಿ ನಮ್ಮ ಬಳಿಗೆ ಬಂದು ಕುಳಿತರು. ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಯಿಂದ ಅವರು ಹಿಂದಿರುಗಿ ಅಂದಿಗೆ ಕೆಲವೇ ದಿನಗಳಾಗಿದ್ದವು. ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆಯು ಮುಳ್ಳಿನಂತೆ ನೆಟ್ಟುಕೊಂಡಿತ್ತು. ಅದನ್ನು ಕೇಳಿದಾಗ ಅದು ಅವರೊಬ್ಬರ ಪ್ರಶ್ನೆಯಲ್ಲ, ಇಂದು ನಮ್ಮ ಅನೇಕ ಕುಟುಂಬಗಳ ಪ್ರಶ್ನೆಯೆಂದು ನಮಗೆ ತೋರಿತು. ಆದುದರಿಂದ ಅವರ ಅನುಮತಿಯನ್ನು ಪಡೆದು ಅದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ನಡೆದುದು ಇಷ್ಟು. ಏಳು ವರ್ಷದ ಮೊಮ್ಮಗಳು ಅಡುಗೆಮನೆಯ ಕಿಟಕಿಯ ಬಳಿ ಒಂದು ಕುಂಡದಲ್ಲಿ ‘ಚೈವ್ಸ್’ ಎಂಬ ಸೊಪ್ಪನ್ನು ಬೆಳೆಸಿದ್ದಳು. ಅದು ದೇಹಕ್ಕೆ ಬಲು ಹಿತವೆಂದು ಶಾಲೆಯಲ್ಲಿ ಹೇಳಿದ್ದರಂತೆ. ಒಂದು ದಿನ ಅಜ್ಜಿಯ ತಟ್ಟೆಯಲ್ಲಿದ್ದ ಬೇಯಿಸಿದ ಆಲೂಗಡ್ಡೆಯ ಮೇಲೆ ಆ ಎಳೆಯ ಸೊಪ್ಪನ್ನು ತಾನೇ ಕತ್ತರಿಸಿ ಉದುರಿಸಿ, “ಅಜ್ಜೀ, ನಾನೇ ನೀರು ಹಾಕಿ ಬೆಳೆಸಿದ್ದು. ನಿಮ್ಮ ಆರೋಗ್ಯಕ್ಕೆ ಒಳ್ಳೆಯದಂತೆ” ಎಂದಳು. ವಾಸನೆಯಿಂದಲೇ ಅದು ಈರುಳ್ಳಿಯ ಕುಲದ್ದೆಂದು ಅಜ್ಜಿಗೆ ತಿಳಿಯಿತು. ಮಗಳು, “ಅಮ್ಮಾ, ಇದರಲ್ಲಿ ಗಡ್ಡೆಯೆಲ್ಲಿದೆ? ಬರಿಯ ಸೊಪ್ಪು. ಒಂದು ಚಿಟಿಕೆ ತಿಂದರೆ ಏನಾದೀತು?” ಎಂದಳು. ಇವರು ಮಾತನಾಡದೆ ತಟ್ಟೆಯನ್ನು ಸರಿಸಿ ಎದ್ದುಬಿಟ್ಟರು. ಮಗು ಅತ್ತಿತು. ಆ ರಾತ್ರಿ ಅಜ್ಜಿಗೆ ನಿದ್ರೆ ಬರಲಿಲ್ಲ. “ನಾನು ಮಾಡಿದ್ದು ಸರಿಯೇ? ಆಚಾರವನ್ನು ಉಳಿಸಿಕೊಂಡೆನೋ, ಮಗುವಿನ ಮನಸ್ಸನ್ನು ಕಳೆದುಕೊಂಡೆನೋ?” ಎಂಬುದೇ ಅವರ ಪ್ರಶ್ನೆ.

ಪ್ರಶ್ನೆಯು ಒಂದು ಚಿಟಿಕೆ ಸೊಪ್ಪಿನದಾದರೂ ಅದರ ಬೇರು ಆಳವಾಗಿದೆ. ದೇಹಕ್ಕೆ ಹಿತವೆಂಬ ಒಂದೇ ಕಾರಣದಿಂದ ಒಂದು ಪದಾರ್ಥವು ಗ್ರಾಹ್ಯವಾಗುವುದೆ? ಹಿತವಾದುದನ್ನು ಬಿಡುವುದು ಅವಿವೇಕವಲ್ಲವೆ? ಪ್ರೀತಿಯಿಂದ ಕೊಟ್ಟುದನ್ನು ತಳ್ಳುವುದು ಅಧರ್ಮವಲ್ಲವೆ? ಇವುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯಬೇಕು. ಚೈವ್ಸ್ ಎಂಬುದು ಯೂರೋಪು, ಏಷ್ಯಾ, ಉತ್ತರ ಅಮೆರಿಕಗಳ ಶೀತ ಪ್ರದೇಶಗಳಲ್ಲಿ ತಾನಾಗಿಯೇ ಬೆಳೆಯುವ ಸಣ್ಣ ಗಿಡ. ಒಳಗೆ ಟೊಳ್ಳಾದ, ದರ್ಭೆಯಂತೆ ತೆಳ್ಳಗಿನ ಹಸಿರು ಎಲೆಗಳು. ತುದಿಯಲ್ಲಿ ನಸುನೇರಳೆ ಬಣ್ಣದ ಹೂಗೊಂಚಲು. ಒಮ್ಮೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಕಾಯಿಸಿದರೆ ಪರಿಮಳವು ಹೋಗುವುದರಿಂದ ಆ ದೇಶಗಳ ಗೃಹಿಣಿಯರು ಒಲೆಯಿಂದ ಇಳಿಸಿದ ಮೇಲೆಯೇ ಅದನ್ನು ಹಸಿಯಾಗಿ ಉದುರಿಸುತ್ತಾರೆ. ನಮ್ಮಲ್ಲಿ ಸಾರಿಗೆ ಕೊತ್ತಂಬರಿ ಸೊಪ್ಪು ಹಾಕುವಂತೆ ಎನ್ನಬಹುದು. ಫ್ರಾನ್ಸಿನ ಅಡುಗೆಯಲ್ಲಿ ಒಟ್ಟಾಗಿ ಬಳಸುವ ನಾಲ್ಕು ಎಳೆಯ ಸೊಪ್ಪುಗಳಲ್ಲಿ ಇದೂ ಒಂದು.

ಆದರೆ ಸಸ್ಯಶಾಸ್ತ್ರವು ಇದನ್ನು ಈರುಳ್ಳಿ-ಬೆಳ್ಳುಳ್ಳಿಗಳ ಕುಲದಲ್ಲಿಯೇ ಎಣಿಸುತ್ತದೆ. ಎಲೆಯನ್ನು ಕತ್ತರಿಸಿದಾಗ ಅದರ ಕೋಶಗಳು ಒಡೆದು, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಎರಡು ದ್ರವ್ಯಗಳು ಕೂಡಿ ಗಂಧಕಯುಕ್ತವಾದ ತೀಕ್ಷ್ಣ ವಾಸನೆಯು ಹುಟ್ಟುತ್ತದೆ. ಈರುಳ್ಳಿಯಲ್ಲಿಯೂ ಇದೇ ಕ್ರಮ, ಚೈವ್ಸಿನಲ್ಲಿಯೂ ಇದೇ ಕ್ರಮ. ಬುಡದಲ್ಲಿ ಸಣ್ಣ ಗಡ್ಡೆಯೂ ಇಲ್ಲದಿಲ್ಲ. ಆದುದರಿಂದ “ಗಡ್ಡೆಯಲ್ಲ, ಬರಿಯ ಸೊಪ್ಪು” ಎಂಬ ಸಮಾಧಾನವು ನಿಲ್ಲುವುದಿಲ್ಲ. ನಿಷಿದ್ಧ ಜಾತಿಯ ಒಂದು ವ್ಯಕ್ತಿಯು ಹೊಸ ಹೆಸರಿನಿಂದ, ಪರದೇಶದಿಂದ ಬಂದ ಮಾತ್ರಕ್ಕೆ ಜಾತಿಯು ಬೇರೆಯಾಗದಷ್ಟೆ.

ಇನ್ನು ಹಿತದ ಮಾತು. ಇದರಲ್ಲಿ ಸತ್ಯವಿದೆಯೆಂದು ಒಪ್ಪಬೇಕು. 100 ಗ್ರಾಂ ಹಸಿ ಚೈವ್ಸಿನಲ್ಲಿ ಸುಮಾರು 58 ಮಿಲಿಗ್ರಾಂ ‘ಸಿ’ ಜೀವಸತ್ತ್ವವೂ, 90 ಮಿಲಿಗ್ರಾಮಿನಷ್ಟು ಸುಣ್ಣದಂಶವೂ, 210 ಮೈಕ್ರೋಗ್ರಾಮಿನಷ್ಟು ‘ಕೆ’ ಜೀವಸತ್ತ್ವವೂ ಇವೆ. ಆದರೆ ಯಾರು 100 ಗ್ರಾಂ ತಿನ್ನುತ್ತಾರೆ? ಕತ್ತರಿಸಿದ ಸೊಪ್ಪು ಒಂದು ದೊಡ್ಡ ಚಮಚೆಯಷ್ಟಾದರೆ ತೂಕವು ಸುಮಾರು 3 ಗ್ರಾಂ. ಅದರಲ್ಲಿ ದೊರೆಯುವ ‘ಸಿ’ ಜೀವಸತ್ತ್ವವು 2 ಮಿಲಿಗ್ರಾಮಿಗೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ದಿನಕ್ಕೆ ಸ್ತ್ರೀಯರಿಗೆ 65, ಪುರುಷರಿಗೆ 80 ಮಿಲಿಗ್ರಾಂ ಬೇಕೆಂದು ಹೇಳಿದೆ. ನಾವು ದ್ವಾದಶಿಯ ಪಾರಣೆಗೆ ಬಳಸುವ ನೆಲ್ಲಿಕಾಯಿಯಲ್ಲಿ ಈ ಸತ್ತ್ವವು ತೂಕಕ್ಕೆ ತೂಕ ಹಲವು ಪಟ್ಟು ಹೆಚ್ಚು. ಅದೇ ಪಾರಣೆಯ ಅಗಸೆಸೊಪ್ಪಿನಲ್ಲಿ ಸುಣ್ಣದಂಶವು ಚೈವ್ಸಿನ ಹತ್ತು ಪಟ್ಟಿನ ಸಮೀಪವಿದೆ. ಚಿಟಿಕೆ ಸೊಪ್ಪನ್ನು ನಾಲಗೆಯು ಬಯಸುವುದು ಪರಿಮಳಕ್ಕಾಗಿ. ಆರೋಗ್ಯದ ಹೆಸರನ್ನು ಅದಕ್ಕೆ ಆಮೇಲೆ ಹೊದಿಸಲಾಗುತ್ತದೆ. ಇಂದು ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಮಾತು ಎಷ್ಟೋ ಚಪಲಗಳಿಗೆ ಛತ್ರಿಯಾಗಿದೆ. ನಾವೂ ಅದರ ನೆರಳಿನಲ್ಲಿ ಆಗಾಗ ನಿಂತವರೇ.

ಆದರೆ ಪ್ರಮಾಣವು ಅಲ್ಪವೆಂಬುದರಿಂದಲೇ ಪ್ರಶ್ನೆಯು ತೀರಲಿಲ್ಲ. ನಿಜವಾಗಿಯೂ ಬಹಳ ಹಿತವಾಗಿದ್ದರೆ ಆಗ ಏನು? ಇಲ್ಲಿ ನಮ್ಮಲ್ಲಿ ಒಂದು ತಪ್ಪು ಕಲ್ಪನೆಯಿದೆ. ಪ್ರಾಚೀನರು ಬೆಳ್ಳುಳ್ಳಿ-ಈರುಳ್ಳಿಗಳ ಗುಣವನ್ನು ಅರಿಯದೆ ನಿಷೇಧಿಸಿದರು, ಈಗ ವಿಜ್ಞಾನವು ಗುಣವನ್ನು ಕಂಡುಹಿಡಿದಿದೆ, ಆದುದರಿಂದ ನಿಷೇಧವು ಸಡಿಲವಾಯಿತು ಎಂದು ಕೆಲವರು ವಾದಿಸುತ್ತಾರೆ. ಇದಕ್ಕೆ ಉತ್ತರವೋ ಎಂಬಂತೆ ನಿಷೇಧವನ್ನು ಎತ್ತಿಹಿಡಿಯುವ ಕೆಲವರು ಅವು ದೇಹಕ್ಕೆ ವಿಷವೆಂದೇ ಹೇಳಿಬಿಡುತ್ತಾರೆ. ಎರಡೂ ಸಾಧುವಲ್ಲ.

ಮನುಸ್ಮೃತಿಯ ಐದನೆಯ ಅಧ್ಯಾಯವು ಲಶುನ, ಗೃಂಜನ, ಪಲಾಂಡುಗಳನ್ನು ದ್ವಿಜರಿಗೆ ಅಭಕ್ಷ್ಯವೆಂದಿದೆ. ಆಯುರ್ವೇದವೋ ಲಶುನವನ್ನು ಬಾಯ್ತುಂಬ ಹೊಗಳಿದೆ. ಕಾಶ್ಯಪಸಂಹಿತೆಯಲ್ಲಿ ಅದಕ್ಕೆಂದೇ ಒಂದು ಕಲ್ಪವಿದೆ. ವಾಗ್ಭಟನ ಅಷ್ಟಾಂಗಹೃದಯದ ರಸಾಯನಾಧ್ಯಾಯದಲ್ಲಿ ಬರುವ ಕಥೆಯು ಇನ್ನೂ ಸ್ವಾರಸ್ಯವಾದುದು. ಅಮೃತವನ್ನು ಕದ್ದು ಕುಡಿದ ರಾಹುವಿನ ಕಂಠವು ಕತ್ತರಿಸಲ್ಪಟ್ಟಾಗ ಭೂಮಿಗೆ ಬಿದ್ದ ಅಮೃತಬಿಂದುಗಳೇ ಲಶುನವಾದವಂತೆ. ದೈತ್ಯದೇಹದಿಂದ ಬಂದುದರಿಂದ ದ್ವಿಜರು ಅದನ್ನು ತಿನ್ನರು. ಅಮೃತದಿಂದಲೇ ಹುಟ್ಟಿದುದರಿಂದ ಅದು ರಸಾಯನಗಳಲ್ಲಿ ಶ್ರೇಷ್ಠ. ಒಂದೇ ಗ್ರಂಥವು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದೆ. ಅಂದಮೇಲೆ ಹಿರಿಯರು ಗುಣವನ್ನು ಅರಿಯದೆ ಬಿಟ್ಟವರಲ್ಲ, ಅರಿತೇ ಬಿಟ್ಟವರು.

1890ರಲ್ಲಿ ಮಧ್ಯ ಏಷ್ಯಾದ ಕೂಚಾ ಎಂಬಲ್ಲಿ ಬೋವರ್ ಎಂಬ ಆಂಗ್ಲ ಸೇನಾಧಿಕಾರಿಗೆ ಭೂರ್ಜಪತ್ರದ ಒಂದು ಸಂಸ್ಕೃತ ಹಸ್ತಪ್ರತಿಯು ದೊರೆಯಿತು. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದಾದ ಅದು ಇಂದು ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿದೆ. ಅದರ ಮೊದಲ ಭಾಗವೇ ಲಶುನದ ಗುಣವರ್ಣನೆ. ಅಲ್ಲಿ ಬ್ರಾಹ್ಮಣ ರೋಗಿಗೆ ಹೇಳಿರುವ ಉಪಾಯವನ್ನು ನೋಡಬೇಕು. ಹಸುವನ್ನು ಮೂರು ರಾತ್ರಿ ಬಹುಮಟ್ಟಿಗೆ ಹುಲ್ಲಿಲ್ಲದೆ ಇರಿಸಿ, ಅನಂತರ ಎರಡು ಪಾಲು ಹುಲ್ಲಿಗೆ ಒಂದು ಪಾಲು ಬೆಳ್ಳುಳ್ಳಿಯ ದಂಟನ್ನು ಬೆರೆಸಿ ತಿನ್ನಿಸಬೇಕು. ಆ ಹಸುವಿನ ಹಾಲು, ಮೊಸರು, ತುಪ್ಪಗಳನ್ನು ಅವನು ಸೇವಿಸಬಹುದು. ರೋಗವೂ ಹೋಗುವುದು, ಆಚಾರವೂ ಉಳಿಯುವುದು. ಈ ಉಪಾಯವನ್ನು ಓದಿ ನಗುವವರು ನಗಲಿ. ಹಿತವನ್ನು ಅಲ್ಲಗಳೆಯದೆ, ನಿಯಮವನ್ನೂ ಹಗುರಾಗಿಸದೆ ನಡುವೆ ದಾರಿಯನ್ನು ಹುಡುಕಿದ ಆ ವೈದ್ಯನ ಶ್ರದ್ಧೆಯನ್ನು ಕಂಡು ನಮಗಂತೂ ಗೌರವವುಂಟಾಯಿತು.

ಹಾಗಾದರೆ ನಿಷೇಧಕ್ಕೆ ಆಧಾರವೇನು? ವಾಸನೆಯೆಂದರೆ ಇಂಗು ಅಡ್ಡ ಬರುತ್ತದೆ. ಇಂಗಿನ ವಾಸನೆಗೂ ಗಂಧಕಯುಕ್ತ ದ್ರವ್ಯಗಳೇ ಕಾರಣ. ಆದರೂ ನಮ್ಮ ಬಹುತೇಕ ಮನೆಗಳ ಸಾರು ಇಂಗಿಲ್ಲದೆ ಆಗುವುದಿಲ್ಲ. ಖಾರವೆಂದರೆ ಮೆಣಸಿನಕಾಯಿಯು ಅದಕ್ಕಿಂತ ಖಾರ. ಹೀಗೆ ದ್ರವ್ಯದ ಗುಣದಿಂದಲೇ ನಿಷೇಧವನ್ನು ಸಾಧಿಸಹೊರಟರೆ ನಾವು ಸೋಲುತ್ತೇವೆ, ಸೋಲಬೇಕಾದುದೇ ಸರಿ. ಏಕೆಂದರೆ ಅದು ಪ್ರಮಾಣಗಳ ಕ್ಷೇತ್ರವನ್ನು ಕಲಸಿದ ತಪ್ಪು.

ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳನ್ನು ಹೇಳಿದ್ದಾರೆ. ತನ್ನ ಕ್ಷೇತ್ರದಲ್ಲಿ ಪ್ರತ್ಯಕ್ಷವೇ ಬಲಿಷ್ಠ. ಉಪಜೀವ್ಯವಾದ ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಆಗಮವನ್ನು ಅರ್ಥಮಾಡಬಾರದೆಂಬುದು ನಮ್ಮ ಸಿದ್ಧಾಂತದ ಹೆಗ್ಗಳಿಕೆ. ಈ ಸೊಪ್ಪಿನಲ್ಲಿ ಎಷ್ಟು ಜೀವಸತ್ತ್ವವಿದೆ, ರಕ್ತದ ಮೇಲೆ ಅದರ ಪರಿಣಾಮವೇನು ಎಂಬುದನ್ನು ಪರೀಕ್ಷಿಸಿ ನೋಡಿದವರೇ ಹೇಳಬೇಕು. ಅಲ್ಲಿ ಶಾಸ್ತ್ರವನ್ನು ಮುಂದೊಡ್ಡಿ ‘ಇದು ವಿಷ’ ಎನ್ನುವುದು ಶಾಸ್ತ್ರಕ್ಕೆ ಅಪಚಾರ. ಆದರೆ ಯಾವುದು ಶ್ರೀಹರಿಗೆ ನಿವೇದನಯೋಗ್ಯ, ಯಾವುದರಿಂದ ಧರ್ಮ, ಯಾವುದರಿಂದ ಅಧರ್ಮ ಎಂಬುದನ್ನು ಯಾವ ಪ್ರಯೋಗಶಾಲೆಯ ತಕ್ಕಡಿಯೂ ತೂಗಲಾರದು. ಅಲ್ಲಿ ಆಗಮವೂ ಅದನ್ನು ಅನುಸರಿಸಿ ಬಂದ ಸಂಪ್ರದಾಯವೂ ಪ್ರಮಾಣ. ಕಣ್ಣು ಬಣ್ಣವನ್ನು ಹೇಳಬಲ್ಲುದು, ಕಿವಿಯು ನಾದವನ್ನು ಹೇಳಬಲ್ಲುದು. ಕಿವಿಯು ಬಣ್ಣವನ್ನು ಹೇಳಲಿಲ್ಲವೆಂದು ಬಣ್ಣವಿಲ್ಲವೆನ್ನಲಾಗದು.

ಅಲ್ಲದೆ ನಮ್ಮಲ್ಲಿ ಊಟವೆಂಬುದು ಬರಿಯ ಪೋಷಣೆಯಲ್ಲ. ಪರಿಷೇಚನೆ ಮಾಡಿ, ಚಿತ್ರಾಹುತಿಯನ್ನಿಟ್ಟು, ಪ್ರಾಣಾಹುತಿಗಳನ್ನು ತೆಗೆದುಕೊಂಡು ಕುಳಿತವನು ಉದರದಲ್ಲಿ ವೈಶ್ವಾನರನಾಗಿರುವ ಭಗವಂತನಿಗೆ ಹವಿಸ್ಸನ್ನು ಅರ್ಪಿಸುತ್ತಿದ್ದಾನೆ. ಗೀತೆಯ ಹದಿನೇಳನೆಯ ಅಧ್ಯಾಯವು ಸಾತ್ತ್ವಿಕಾಹಾರದ ಫಲಗಳಲ್ಲಿ ಆರೋಗ್ಯವನ್ನೂ ಎಣಿಸಿದೆ ನಿಜ. ಆದರೆ ಅದೊಂದನ್ನೇ ಎಣಿಸಿಲ್ಲ. ಆರೋಗ್ಯವು ಸಾತ್ತ್ವಿಕಾಹಾರದ ಫಲವೆಂಬುದರಿಂದ ಆರೋಗ್ಯಕರವಾದುದೆಲ್ಲ ಸಾತ್ತ್ವಿಕವೆಂದು ತಿರುಗಿಸಿ ಹೇಳಲು ಬಾರದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ.

ಇಲ್ಲಿ ಸಜ್ಜನರು ಒಂದು ಗಂಭೀರವಾದ ಆಕ್ಷೇಪವನ್ನು ಎತ್ತಬಹುದು. ಭಗವಂತನೇ ಗೀತೆಯಲ್ಲಿ ಭಕ್ತಿಯಿಂದ ಅರ್ಪಿಸಿದ ಎಲೆಯನ್ನೂ ಸ್ವೀಕರಿಸುವೆನೆಂದು ಹೇಳಿಲ್ಲವೆ? ಮಗುವು ಕೊಟ್ಟುದೂ ಎಲೆಯೇ ಅಲ್ಲವೆ? ಅದರಲ್ಲಿ ಪ್ರೀತಿಗೆ ಕೊರತೆಯಿತ್ತೆ? ಈ ಆಕ್ಷೇಪವು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಇದಕ್ಕೆ ಸಮಾಧಾನವು ಭಕ್ತಿಯ ಲಕ್ಷಣದಲ್ಲಿಯೇ ಇದೆ. ಭಕ್ತಿಯೆಂದರೆ ಬರಿಯ ಸ್ನೇಹವಲ್ಲ, ಮಾಹಾತ್ಮ್ಯಜ್ಞಾನವನ್ನು ಮುಂದಿಟ್ಟುಕೊಂಡ ಸುದೃಢವಾದ ಸ್ನೇಹವೆಂದು ಆಚಾರ್ಯರು ನಿರೂಪಿಸಿದ್ದಾರೆ. ಪ್ರೀತಿಪಾತ್ರರಿಗೆ ಏನು ಪ್ರಿಯವೆಂದು ತಿಳಿದು ಕೊಡುವುದು ಪ್ರೀತಿಯ ಪರಿಪಾಕ. ಮಗುವಿನಲ್ಲಿ ಸ್ನೇಹವು ಪೂರ್ಣವಾಗಿತ್ತು, ಜ್ಞಾನವು ಇರಲಿಲ್ಲ. ಆ ಜ್ಞಾನವನ್ನು ಕೊಡಬೇಕಾದವರು ಹಿರಿಯರು. ಕೊಡದೆ ಇದ್ದು, ತಟ್ಟೆಯನ್ನು ಮಾತ್ರ ಸರಿಸಿದರೆ ತಪ್ಪು ಮಗುವಿನದಾಗುವುದು ಹೇಗೆ?

ನಿಯಮಕ್ಕೆ ಅಪವಾದವುಂಟೆ ಎಂದರೆ ಉಂಟು. ಅದರ ಎಲ್ಲೆಯೂ ಉಂಟು. ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನ ಕಥೆಯನ್ನು ಅನೇಕರು ಕೇಳಿರಬಹುದು. ಕುರುದೇಶದ ಪೈರು ನಾಶವಾದಾಗ ಹಸಿವಿನಿಂದ ಕಂಗೆಟ್ಟ ಆ ಜ್ಞಾನಿಯು, ಹುರುಳಿಯಂಥ ಕೀಳು ಧಾನ್ಯವನ್ನು ತಿನ್ನುತ್ತಿದ್ದ ಆನೆಯವನ ಬಳಿ ಬೇಡಿ, ಅವನ ಎಂಜಲನ್ನೇ ತಿಂದನು. ಆದರೆ ಆತನು ನೀರನ್ನು ಕೊಡಹೋದಾಗ, ಅದು ಎಂಜಲೆಂದು ನಿರಾಕರಿಸಿದನು. ತಿಂದುದು ಎಂಜಲಲ್ಲವೆ ಎಂದು ಕೇಳಿದರೆ, ಅದನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುವುದೆಂದನು. ಪ್ರಾಣವು ಹೋಗುವ ಸಂದರ್ಭದಲ್ಲಿ ಮಾತ್ರ ಎಲ್ಲ ಅನ್ನಕ್ಕೂ ಅನುಮತಿಯೆಂದು ಬ್ರಹ್ಮಸೂತ್ರದ ಮೂರನೆಯ ಅಧ್ಯಾಯವು ಈ ಪ್ರಸಂಗವನ್ನು ಆಧರಿಸಿ ನಿರ್ಣಯಿಸಿದೆ. ಉಷಸ್ತಿಯ ದೊಡ್ಡತನವು ಎಂಜಲನ್ನು ತಿಂದುದರಲ್ಲಿಲ್ಲ, ನೀರನ್ನು ಬಿಟ್ಟುದರಲ್ಲಿಯೂ ಇಲ್ಲ. ಅವಶ್ಯಕತೆಯು ಎಲ್ಲಿ ಮುಗಿಯಿತು, ಅನುಕೂಲವು ಎಲ್ಲಿ ತೊಡಗಿತು ಎಂಬ ಗೆರೆಯನ್ನು ಹಸಿದ ಹೊಟ್ಟೆಯಲ್ಲಿಯೂ ಕಂಡುದರಲ್ಲಿದೆ.

ಈ ಗೆರೆಯನ್ನು ನಮ್ಮ ಮನೆಗಳಿಗೆ ಅನ್ವಯಿಸೋಣ. ಪ್ರಾಣಸಂಕಟವೊದಗಿದಾಗ ಔಷಧವನ್ನು ಹಿಂದೆಮುಂದೆ ನೋಡದೆ ಸ್ವೀಕರಿಸಬೇಕು. ಮಾತ್ರೆಯ ಮೂಲವನ್ನು ಶೋಧಿಸುತ್ತ ರೋಗವನ್ನು ಬೆಳೆಸುವುದು ಆಚಾರವಲ್ಲ. ಸಾಧನೆಗೆಂದು ಭಗವಂತನು ಕೊಟ್ಟ ದೇಹಕ್ಕೆ ಅದು ದ್ರೋಹ. ಪ್ರಾಣಭಯವಿಲ್ಲದ ರೋಗಗಳಲ್ಲಿ, ‘ನಮಗೆ ಈ ಪದಾರ್ಥವು ವರ್ಜ್ಯ, ಬೇರೆ ದಾರಿಯುಂಟೆ’ ಎಂದು ವೈದ್ಯರನ್ನು ಕೇಳಬೇಕು; ಸಾಮಾನ್ಯವಾಗಿ ಉಂಟು. ಇವೆರಡೂ ಅಲ್ಲದೆ ಬರಿಯ ರುಚಿಗಾಗಿ ‘ಹಿತ’ವೆಂಬ ಹೆಸರನ್ನು ಕರೆದಾಗ, ಅದು ಉಷಸ್ತಿಯು ಬಿಟ್ಟ ನೀರೆಂದು ತಿಳಿಯಬೇಕು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೊಪ್ಪು-ಮೂಲಿಕೆಗಳೆಂದರೆ ಎಷ್ಟು ತಿಂದರೂ ಬಾಧಕವಿಲ್ಲವೆಂಬ ಭಾವನೆಯು ಸರಿಯಲ್ಲ. ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಔಷಧವನ್ನು ತೆಗೆದುಕೊಳ್ಳುವವರಿಗೆ ಹಸಿರು ಸೊಪ್ಪಿನ ‘ಕೆ’ ಜೀವಸತ್ತ್ವವು ಔಷಧದ ಬಲವನ್ನು ತಗ್ಗಿಸುತ್ತದೆ. ಅವರು ದಿನವೂ ತಿನ್ನುವ ಸೊಪ್ಪಿನ ಪ್ರಮಾಣವು ಹೆಚ್ಚುಕಡಿಮೆಯಾಗದೆ ಸಮವಾಗಿರಬೇಕು. ಶಾಕವ್ರತದಲ್ಲಿ ಸೊಪ್ಪನ್ನು ಒಮ್ಮೆಲೇ ಬಿಟ್ಟು, ವ್ರತವು ಮುಗಿದೊಡನೆ ಒಮ್ಮೆಲೇ ತೊಡಗುವ ಹಿರಿಯರು ಈ ವಿಷಯವನ್ನು ಮೊದಲೇ ತಮ್ಮ ವೈದ್ಯರಿಗೆ ತಿಳಿಸುವುದು ಅವಶ್ಯ. ವ್ರತವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ತಿಳಿದು ಮಾಡಬೇಕೆಂದು ಹೇಳುತ್ತಿದ್ದೇವೆ.

ಕೊನೆಯದಾಗಿ, ನಿಯಮವನ್ನು ಪಾಲಿಸುವವರು ಬೀಳುವ ಒಂದು ಹಳ್ಳವಿದೆ. ಅದು ತಿರಸ್ಕಾರ. ಮಣಿಪುರದ ವೈಷ್ಣವರ ಅಡುಗೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿಗಳಿಗೆ ಬದಲಾಗಿ ‘ಮರೋಯ್’ ಎಂಬ ಸೊಪ್ಪುಗಳನ್ನು ಬಳಸುವ ರೂಢಿಯಿದೆ. ಅವು ಈ ಚೈವ್ಸಿನ ದಾಯಾದಿಗಳೇ. ಅವರೂ ಕೃಷ್ಣನ ಭಕ್ತರೇ. ಅವರ ದೇಶಾಚಾರವು ಅವರಿಗೆ, ನಮ್ಮ ಗುರುಪರಂಪರೆಯ ಕ್ರಮವು ನಮಗೆ. ನಮ್ಮ ನಿಯಮವು ನಮ್ಮ ನಾಲಗೆಗೆ ಹಾಕಿಕೊಂಡ ಕಡಿವಾಣ. ಇನ್ನೊಬ್ಬರ ತಟ್ಟೆಯನ್ನು ಅಳೆಯಲು ಕೊಟ್ಟ ಕೋಲಲ್ಲ. ಈರುಳ್ಳಿಯನ್ನು ಬಿಟ್ಟು ಅಹಂಕಾರವನ್ನು ಉಂಡರೆ ಯಾವ ಆಹಾರಶುದ್ಧಿಯಾದಂತಾಯಿತು? ಬಾಯಿಯ ವಾಸನೆಯು ಒಂದು ದಿನದಲ್ಲಿ ಹೋಗುತ್ತದೆ. ತಿರಸ್ಕಾರದ ವಾಸನೆಯು ಮಕ್ಕಳ ಮನಸ್ಸಿನಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಮುಂದೆ ಅವರು ಆಚಾರವನ್ನು ನೆನೆದಾಗಲೆಲ್ಲ ಅಜ್ಜಿಯ ಸಿಡುಕು ಮುಖವೇ ನೆನಪಾದರೆ, ಅವರು ಆಚಾರವನ್ನು ಬಿಡುವುದಕ್ಕೆ ನಾವೇ ಕಾರಣರಾದಂತೆ.

ಆದುದರಿಂದ ಆ ತಾಯಿಯವರಿಗೆ ನಾವು ಹೇಳಿದುದು ಇಷ್ಟೇ: “ತಾವು ತಿನ್ನದೆ ಬಿಟ್ಟುದು ಸರಿ, ಅದಕ್ಕಾಗಿ ಪಶ್ಚಾತ್ತಾಪ ಬೇಡ. ಮಾತನಾಡದೆ ಎದ್ದುದು ಸರಿಯಾಗಲಿಲ್ಲ. ಅದನ್ನು ಸರಿಪಡಿಸಲು ಇನ್ನೂ ಕಾಲವಿದೆ.” ಅವರು ಕಣ್ಣೊರೆಸಿಕೊಂಡು ಹೊರಟುಹೋದರು.

ಶಾಕವ್ರತವು ಕಳೆದು ಕೆಲವು ವಾರಗಳಾದ ಮೇಲೆ ಅವರು ಮತ್ತೆ ಬಂದಿದ್ದರು. ಅಂದೇ ರಾತ್ರಿ ದೂರವಾಣಿಯಲ್ಲಿ ಮೊಮ್ಮಗಳನ್ನು ಕರೆದು, “ಪುಟ್ಟೀ, ನೀನು ಕೊಟ್ಟಿದ್ದನ್ನು ನಾನು ಹಾಗೆ ಸರಿಸಬಾರದಿತ್ತು” ಎಂದರಂತೆ. ದೇವರಿಗೆ ತೋರಿಸದೆ ಅಜ್ಜಿ ಏನನ್ನೂ ತಿನ್ನುವುದಿಲ್ಲವೆಂದೂ, ಹಿರಿಯರು ದೇವರ ಮುಂದೆ ಇಡದ ಪದಾರ್ಥಗಳು ಕೆಲವಿವೆಯೆಂದೂ ತಿಳಿಯುವಂತೆ ಹೇಳಿದರಂತೆ. ಮಗು, “ಹಾಗಾದರೆ ನನ್ನ ಗಿಡ ಕೆಟ್ಟದ್ದೇ?” ಎಂದು ಕೇಳಿತು. “ಗಿಡ ಕೆಟ್ಟದ್ದಲ್ಲಮ್ಮಾ, ಅದನ್ನೂ ದೇವರೇ ಹುಟ್ಟಿಸಿದ್ದು. ಅದರ ಹೂವಿಗೆ ದುಂಬಿ ಬರುವುದನ್ನು ನಾನೇ ನೋಡಿದ್ದೇನೆ. ಅದು ದುಂಬಿಗೆ ಇರಲಿ, ಅಜ್ಜಿಗೆ ಬೇರೆಯದನ್ನು ಬೆಳೆಸುತ್ತೀಯಾ?” ಎಂದರು. ಶ್ರಾವಣದ ಕೊನೆಯಲ್ಲಿ, ಅಡುಗೆಮನೆಯ ಡಬ್ಬಿಯಲ್ಲಿದ್ದ ಒಂದು ಹಿಡಿ ಮೆಂತ್ಯವನ್ನೇ ನೆನೆಸಿ, ಆ ಕುಂಡದ ಪಕ್ಕದಲ್ಲಿ ಇನ್ನೊಂದು ಕುಂಡವನ್ನಿಟ್ಟು ಬಿತ್ತಿದ್ದಾಯಿತು. ನಾಲ್ಕಾರು ದಿನಗಳಲ್ಲಿ ಮೊಳಕೆ. ಮೂರು ನಾಲ್ಕು ವಾರಗಳಲ್ಲಿ ಸೊಪ್ಪು. ಮಗಳು ಆ ದಿನ ಹೆಸರುಬೇಳೆಯೊಡನೆ ಅದನ್ನು ಬೇಯಿಸಿ, ಎಷ್ಟೋ ತಿಂಗಳುಗಳ ಮೇಲೆ ದೇವರ ಮುಂದೆ ನೈವೇದ್ಯಕ್ಕಿಟ್ಟಳಂತೆ. ಇದನ್ನು ಹೇಳುವಾಗ ಆ ತಾಯಿಯವರ ಧ್ವನಿಯು ತುಂಬಿಬಂದಿತ್ತು.

ಸೊಪ್ಪು ಎಷ್ಟು ದೊರೆಯಿತೆಂದು ನಾವು ಕೇಳಿದೆವು. ಒಂದು ಹಿಡಿಯೂ ಇರಲಿಲ್ಲವಂತೆ.

॥ ಶ್ರೀಕೃಷ್ಣಾರ್ಪಣಮಸ್ತು ॥